ಒಡಪು ಕೇಳಿದ ಪವರ್ ಸಪ್ಲೈ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು. ದೆವ್ವವನ್ನು ಈಗಲೂ ನಂಬುವುದಿಲ್ಲ. ಆದರೆ ಒಂದು ಪವರ್ ಸಪ್ಲೈಯನ್ನು ನಂಬಬೇಕಾಯಿತು. ಫೋನಿನಲ್ಲಿ ಟೈಪ್ ಮಾಡಲು ಮೊನ್ನೆ ಕಲಿತೆ. ಮೊದಲು ಇದನ್ನೇ ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾವು ನವನಗರದಲ್ಲಿದ್ದೆವು. ಸೊಸೆ ವಿದ್ಯಾ ಎಂ.ಟೆಕ್ ಓದುತ್ತಿದ್ದಳು. ಬಾಣಂತನದಿಂದ ಅವಳ ಪ್ರಾಜೆಕ್ಟ್ ಪರೀಕ್ಷೆ ಒಮ್ಮೆ ಮುಂದೆ ಹೋಗಿತ್ತು. ಈ ಸಲವೂ ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಪರೀಕ್ಷೆಯ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಕೂಸನ್ನು ಎತ್ತಿಕೊಂಡು ನಾನೂ ಅವಳ ಜೊತೆ ಲ್ಯಾಬಿಗೆ ಹೋದೆ.

ಅವಳ ಪವರ್ ಸಪ್ಲೈ ಎಂದರೆ ಬೇಕಾದಷ್ಟೇ ಕರೆಂಟು ಕೊಡುವ ಒಂದು ಪೆಟ್ಟಿಗೆ. ಕಂಪ್ಯೂಟರಿನಿಂದ ಟ್ರಿಗರ್ ಎಂಬ ಅಪ್ಪಣೆ ಹೋದ ಕೂಡಲೇ ಅದು ಅಳತೆ ತೆಗೆದುಕೊಳ್ಳಬೇಕು. ಕಾಯುತ್ತಿದ್ದೇನೆ, ಅಳೆದೆ ಎಂದು ತನ್ನ ಸ್ಥಿತಿಯನ್ನು ಪರದೆಗೆ ತಿಳಿಸುತ್ತಿರಬೇಕು. ತಪ್ಪಾದರೆ ಕೆಂಪು ದೀಪ ಹಚ್ಚಬೇಕು. ಇದಕ್ಕೆಲ್ಲ ಪ್ರೋಗ್ರಾಮ್ ಬರೆದವಳು ವಿದ್ಯಾ. ಅವತ್ತು ಎಷ್ಟು ಅಪ್ಪಣೆ ಕೊಟ್ಟರೂ ಪರದೆಯ ಮೇಲೆ ಒಂದೇ ಮಾತು, ‘ಕಾಯುತ್ತಿದೆ’.

“ಏನ್ ಕಾಯಾಕತ್ತೈತ್ರಿ ಅತ್ತಿ ಇದು?” ಎಂದು ಅಳುಮುಖ ಮಾಡಿದಳು.

“ಹೊಸ ಸೊಸಿನ್ನ ಹೊಸ್ತಿಲದಾಗ ನಿಲ್ಲಿಸಿ, ಹಾಡಿನಾಗ ಗಂಡನ ಹೆಸರು ಕಟ್ಟಿ ಹೇಳಿದ ಮ್ಯಾಲ ಒಳಗ ಬಿಡ್ತಾರಲ್ಲ, ಹಂಗ. ಒಡಪು ಕೇಳಾಕತ್ತಿರಬೇಕು,” ಎಂದೆ.

ಅವಳನ್ನು ನಗಿಸಲೆಂದು, ನನ್ನ ಮದುವೆಯಲ್ಲಿ ಹೇಳಿದ ಒಡಪನ್ನೇ ಪೆಟ್ಟಿಗೆಗೂ ಹೇಳಿದೆ:

“ಮುಡಿಯಾಗ ಮಲ್ಲಿಗಿ ಮಾಲಿ, ಕೆಲಗೇರಿ ಕೆರಿ ಮ್ಯಾಲ ಗಾಳಿ, ಬಸಪ್ಪನವರ ಹೆಸರ ಹೇಳೇನಿ, ತಗೀರಿ ಬಾಗಿಲ ಕೀಲಿ.”

ಟಿಕ್ ಎಂದಿತು. ಪರದೆಯ ಮೇಲೆ ಅಳತೆ ಬಂತು. ವಿದ್ಯಾಳ ಕೈ ಕೀಬೋರ್ಡಿನ ಮೇಲೆ ಇರಲೇ ಇಲ್ಲ, ಅವಳು ಕೂಸಿನ ಲಂಗೋಟಿ ಬದಲಿಸುತ್ತಿದ್ದಳು.

ಸಂಜೆಯವರೆಗೆ ತಂತಿ, ಪ್ರೋಗ್ರಾಮ್ ಎಲ್ಲ ಜಾಲಾಡಿದಳು. ತಪ್ಪು ಸಿಗಲಿಲ್ಲ. ಒಡಪಿಲ್ಲದೆ ಅಳತೆಯೂ ಸಿಗಲಿಲ್ಲ.

ಮರುದಿನ ಪರೀಕ್ಷೆ ಮಾಡಲು ಬಂದವರು ತಲೆ ನರೆತ ಮೇಷ್ಟ್ರು. ನಾನು ಕೂಸಿನೊಂದಿಗೆ ಬಾಗಿಲಲ್ಲಿ ಕೂತಿದ್ದೆ. ಮತ್ತೆ ‘ಕಾಯುತ್ತಿದೆ’. ಅವರು ಗಡಿಯಾರ ನೋಡಿಕೊಂಡರು. ವಿದ್ಯಾ ನನ್ನನ್ನು ನೋಡಿದಳು. ‘ಒಡಪು’ ಎಂದು ನಾನು ಬರೀ ತುಟಿ ಆಡಿಸಿದೆ. ಪಾಪ, ಕಿವಿಯವರೆಗೂ ಕೆಂಪಾಗಿ, ಗೋಡೆಗೆ ಮುಖ ಮಾಡಿ, ಬಸಪ್ಪನವರ ಜಾಗದಲ್ಲಿ ನನ್ನ ಮಗ ಮಹೇಶನ ಹೆಸರು ಸೇರಿಸಿ ಹೇಳಿದಳು. ಟಿಕ್.

ಮೇಷ್ಟ್ರು ಚಷ್ಮಾ ತೆಗೆದರು. “ನಮ್ಮನಿಯಾಕಿ ಇದಕ್ಕಿಂತ ಉದ್ದಂದು ಹೇಳಿದ್ಲವಾ. ಇರ್ಲಿ, ಇನ್ನೊಂದು ಅಳತಿ ನೋಡಬೇಕು. ಇನ್ನೊಮ್ಮೆ ಹೇಳು.”

ಹೇಳಿದಳು. ಪಾಸಾದಳು.

ಅವರು ಹೋದ ಮೇಲೆ ವಿದ್ಯಾ ಕಂಪ್ಯೂಟರಿನ ತಂತಿ ಕಿತ್ತು ಸುತ್ತುತ್ತಿದ್ದಳು. ಪೆಟ್ಟಿಗೆ ಇನ್ನೂ ಆನ್ ಇತ್ತು. ನನಗೆ ಕೈ ಸುಮ್ಮನಿದ್ದರೂ ಬಾಯಿ ಸುಮ್ಮನಿರುವುದಿಲ್ಲ. ಹತ್ತಿರ ಹೋಗಿ, ಅದೇ ಒಡಪನ್ನು ಹೆಸರು ಬದಲಿಸಿ ಹೇಳಿದೆ. ಕೆಂಪು ದೀಪ ಹತ್ತಿತು.

“ಅತ್ತಿ, ಯಾರ ಹೆಸರು ಹೇಳಿದ್ರಿ?”

“ಹಾಲಿನ ಶಿವಪ್ಪಂದು.”

“ಮಾವಾರಿಗೆ ಹೇಳ್ತೇನಿ, ತಡೀರಿ.”

ಹೇಳಿಯೂಬಿಟ್ಟಳು. ಮರುದಿನದಿಂದ ಹಾಲು ತರಲು ನಮ್ಮ ಯಜಮಾನರೇ ಹೋಗತೊಡಗಿದರು.

ವಿದ್ಯಾ ಈಗ ತಾನೇ ಪಾಠ ಹೇಳುತ್ತಾಳೆ. ಎಲ್ಲೋ ತಂತಿ ಸಡಿಲಾಗಿತ್ತು ಎನ್ನುತ್ತಾಳೆ. ಸಡಿಲ ತಂತಿಗೆ ನನ್ನ ಗಂಡ ಯಾರೆಂದು ಹೇಗೆ ಗೊತ್ತಾಯಿತು ಎಂದು ಕೇಳಿದರೆ ಉತ್ತರಪತ್ರಿಕೆ ತಿದ್ದಲು ಕೂರುತ್ತಾಳೆ. ನನಗೂ ಗೊತ್ತಿಲ್ಲ. ಯಾವುದಕ್ಕೂ ಇರಲಿ ಎಂದು ಈ ಫೋನಿನಲ್ಲೂ ಶಿವಪ್ಪನಿಗಿಂತ ಮೊದಲು ಬಸಪ್ಪನವರ ಹೆಸರನ್ನೇ ಬರೆದಿದ್ದೇನೆ.