ನಮ್ಮ ಜಡ್ಜು, ನಿಮ್ಮ ಜಡ್ಜು

‘ನಮ್ಮವರೇ ಬಂದ್ರು!’

ಹೋದ ಸೋಮವಾರ ಬೆಳಗ್ಗೆ ನಮ್ಮ ವಾಟ್ಸಾಪ್ ಗ್ರೂಪಿಗೆ ಈ ಮೆಸೇಜು ಬಂತು. ಕೆಳಗೊಂದು ಫೋಟೊ. ಇನ್ನು ಮುಂದೆ ನಮ್ಮ ಕೇಸು ಕೇಳಲಿರುವ ನ್ಯಾಯಾಧೀಶರು, ತಾವಿನ್ನೂ ವಕೀಲರಾಗಿದ್ದ ಕಾಲದಲ್ಲಿ, ಅಂದಿನ ಮಂತ್ರಿಯೊಬ್ಬರ ಪಕ್ಕ ನಗುತ್ತ ನಿಂತಿದ್ದರು. ಗ್ರೂಪಿನಲ್ಲಿ ಎಂದೂ ಬಾಯಿ ಬಿಡದ ನಾನೂ ಒಂದು ಥಂಬ್ಸ್ ಅಪ್ ಒತ್ತಿದೆ.

ಯಾವ ಗ್ರೂಪು ಅಂತ ಹೇಳಬೇಕು. ಸರ್ಕಾರಿ ಕಾಲೇಜುಗಳಿಗೆ ಉಪನ್ಯಾಸಕರಾಗಿ ಆಯ್ಕೆಯಾಗಿ, ನೇಮಕಾತಿ ಆದೇಶ ಸಿಗದೆ ಮೂರು ವರ್ಷದಿಂದ ಕಾಯುತ್ತಿರುವವರದು. ಆಯ್ಕೆ ಪಟ್ಟಿ ಬಂದದ್ದು ಹಿಂದಿನ ಸರ್ಕಾರದ ಕಾಲದಲ್ಲಿ. ಅಂಕ ಕೊಟ್ಟದ್ದರಲ್ಲಿ ಅಕ್ರಮ ನಡೆದಿದೆ ಎಂದು ಆಯ್ಕೆಯಾಗದವರು ಕೋರ್ಟಿಗೆ ಹೋದರು. ಸರ್ಕಾರ ಬದಲಾಯಿತು. ನಾವು ಓದಿ ಪಾಸಾದ ಪರೀಕ್ಷೆ ಒಂದು ಪಕ್ಷದ್ದಾಗಿಬಿಟ್ಟಿತು. ಫೋಟೊದಲ್ಲಿದ್ದ ಮಂತ್ರಿ ಆ ಪಕ್ಷದವರೇ. (ನಾನು ಯಾರಿಗೆ ವೋಟು ಹಾಕುತ್ತೇನೆ ಎಂಬುದು ಅಮ್ಮನಿಗೂ ಗೊತ್ತಿಲ್ಲ.)

ಅದೇ ಸಂಜೆ ಯಡಿಯೂರು ಕೆರೆಯ ಬಳಿ ವಾಕಿಂಗ್ ಮಾಡುವಾಗ ರೇಖಾ ಎದುರಾದಳು. ಎಂ.ಎ.ಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಈ ಪರೀಕ್ಷೆಗೂ ಇಬ್ಬರೂ ಜಯನಗರದ ಲೈಬ್ರರಿಯಲ್ಲಿ ಒಂದೇ ನೋಟ್ಸ್ ಇಟ್ಟುಕೊಂಡು ಓದಿದ್ದೆವು. ನನ್ನ ಹೆಸರು ಬಂತು, ಅವಳದು ಬರಲಿಲ್ಲ. ಪಟ್ಟಿಯ ವಿರುದ್ಧ ಕೇಸು ಹಾಕಿದವರಲ್ಲಿ ಅವಳೂ ಒಬ್ಬಳು. ಮಾತು ಬಿಟ್ಟು ಎರಡು ವರ್ಷ.

ಮುಖ ತಿರುಗಿಸುತ್ತಾಳೆ ಅಂದುಕೊಂಡೆ. ನಿಂತಳು.

‘ಏನೇ, ನಿಮ್ ಜಡ್ಜ್ ಬಂದ್ರಂತೆ? ಸ್ವೀಟ್ ಯಾವಾಗ?’

‘ನಮ್ ಜಡ್ಜ್ ಅಂತ ಯಾರ್ ಹೇಳಿದ್ರು?’

‘ಆ ಫೋಟೊ ನಮ್ ಗ್ರೂಪಲ್ಲೂ ಬಂತು ಕಣೇ. ನೀವು ಚಪ್ಪಾಳೆ ಹೊಡೀತಿದೀರಿ, ನಾವು ತಲೆ ಚಚ್ಕೋತಿದೀವಿ. ಅಷ್ಟೇ ಡಿಫರೆನ್ಸು.’

ನಾನು ಒತ್ತಿದ ಥಂಬ್ಸ್ ಅಪ್ ನೆನಪಾಯಿತು. ‘ಈಗೇನ್ ಮಾಡ್ತೀರಿ?’

‘ಇನ್ನೇನು, ಡೇಟ್ ತಗೋಳೋದು. ಇವ್ರು ಬದಲಾಗೋವರೆಗೂ ಎಳೀರಿ ಅಂತ ನಮ್ಮೋರು ಲಾಯರ್‌ಗೆ ಹೇಳಿದಾರೆ. ಹೋದ್ ವರ್ಷ ನೀವ್ ಮಾಡ್ಲಿಲ್ವಾ?’

ಮಾಡಿದ್ದೆವು. ಆಗಿದ್ದ ನ್ಯಾಯಾಧೀಶರು ‘ಅವರ ಕಡೆಯವರು’ ಎಂದು ಯಾರೋ ಹೇಳಿದರು. ನಮ್ಮ ವಕೀಲರು ಒಮ್ಮೆ ದಾಖಲೆ ಬೇಕೆಂದು, ಇನ್ನೊಮ್ಮೆ ಹುಷಾರಿಲ್ಲವೆಂದು ದಿನಾಂಕ ಮುಂದೂಡಿಸುತ್ತ ಹೋದರು. ಆ ನ್ಯಾಯಾಧೀಶರ ಒಂದು ತೀರ್ಪನ್ನಾದರೂ ನಾವು ಓದಿದ್ದೆವಾ? ಇಲ್ಲ. ಅವರು ನಮ್ಮ ಫೈಲು ಓದುವ ಮೊದಲೇ ನಾವು ಅವರ ಬಗ್ಗೆ ತೀರ್ಪು ಕೊಟ್ಟಾಗಿತ್ತು. ಒಂದು ವರ್ಷ ಹಾಗೇ ಹೋಯಿತು. ಆ ವರ್ಷ ನಾನು ಯಾವುದೋ ಊರಿನಲ್ಲಿ ಬಿ.ಎ. ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತಿರಬಹುದಿತ್ತು. ಅಥವಾ ಸೋತು, ಬೇರೆ ಕೆಲಸ ಹುಡುಕುತ್ತಿರಬಹುದಿತ್ತು.

ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ, ನಿಜ. ನ್ಯಾಯಾಧೀಶರಾಗಬೇಕಾದ ಯಾರ ಹೆಸರು ಸರ್ಕಾರದ ಮೇಜಿನ ಮೇಲೆ ವರ್ಷಗಟ್ಟಲೆ ಕೊಳೆಯುತ್ತದೆ, ಯಾರದು ಬೇಗ ಹೊರಬೀಳುತ್ತದೆ ಎಂಬುದನ್ನು ಜನ ನೋಡುತ್ತಲೇ ಇರುತ್ತಾರೆ. ಆದರೆ ಆ ಅನುಮಾನವನ್ನು ನಮ್ಮ ಅನುಕೂಲಕ್ಕೆ ಬಳಸಿಕೊಂಡವರು ನಾವೇ ಅಲ್ಲವೇ?

ಹೊರಡುವಾಗ ರೇಖಾ ಅಂದಳು, ‘ನಿನ್ ಹೆಸರ್ ನೋಡಿ ನಂಗೆ ಡೌಟ್ ಬರ್ಲಿಲ್ಲ ಕಣೇ. ನನ್ ಹೆಸರ್ ಇಲ್ದೇ ಇದ್ದಿದ್ದಕ್ಕೆ ಬಂತು. ಯಾರಾದ್ರೂ ಪೇಪರ್ ನೋಡಿ, “ಇಲ್ಲಮ್ಮ, ನಿಂದು ಮಾರ್ಕ್ಸ್ ಕಮ್ಮೀನೇ ಇತ್ತು” ಅಂದ್ರೆ ಒಪ್ಕೊಂಡು ಮನೆಗ್ ಹೋಗ್ತೀನಿ. ಆ ಫೋಟೊದಲ್ಲಿರೋರು ಅಂದ್ರೆ ಹೆಂಗ್ ಒಪ್ಲಿ, ಹೇಳು?’

ಅವಳ ಜಾಗದಲ್ಲಿದ್ದಿದ್ದರೆ ನಾನೂ ಒಪ್ಪುತ್ತಿರಲಿಲ್ಲ.

ನನಗೆ ಆ ಕೆಲಸ ಬೇಕು. ತುಂಬಾ ಬೇಕು. ಆದೇಶ ಕೈಗೆ ಬಂದ ದಿನ ಮೊದಲ ಫೋನು ರೇಖಾಳಿಗೇ ಮಾಡಬೇಕು ಎಂಬ ಆಸೆಯೂ ಇದೆ.

ಅವಳು ಆ ಫೋನ್ ಎತ್ತುವಂಥ ತೀರ್ಪು ಕೊಡುವವರು ಯಾರು?