ಗುಜರಿಗೆ ಹೋಗದ ಲ್ಯಾಪ್‌ಟಾಪ್

ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಪತ್ರ ಬರೆಯುವ ಶಿವಶಂಕರಪ್ಪನವರ ಕೋಣೆ ಗೊತ್ತಿಲ್ಲದವರು ಕಡಿಮೆ. ಸೈಟು ಮಾರುವವರು, ಕೊಳ್ಳುವವರು, ಮಕ್ಕಳಿಗೆ ಭಾಗ ಮಾಡಿಕೊಡುವವರು, ಭಾಗ ಸಾಲದೆಂದು ಜಗಳಾಡುವವರು, ಎಲ್ಲರೂ ಅಲ್ಲಿಗೇ ಬರಬೇಕು. ಬಾಗಿಲ ಮೇಲಿನ ಬೋರ್ಡು ಅವರದು, ಪತ್ರದ ಕೊನೆಯ ಸಹಿಯೂ ಅವರದು. ನಡುವಿನ ಅಕ್ಷರಗಳು ಮಾತ್ರ ಅಷ್ಟೂ ಸಂಘಮಿತ್ರಾಳದು! ಹನ್ನೊಂದು ವರ್ಷದಿಂದ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಅವಳು ಟೈಪ್ ಮಾಡಿದ ಪತ್ರಗಳನ್ನೆಲ್ಲ ಒಟ್ಟಿದರೆ, ಆ ಕೋಣೆಯಲ್ಲಿ ಶಿವಶಂಕರಪ್ಪನವರಿಗೇ ಕೂರಲು ಜಾಗ ಉಳಿಯುತ್ತಿರಲಿಲ್ಲ.

ಅವಳು ಕಾರ್ಖಾನೆಯ ಫಿಟ್ಟರ್ ನಾಗಯ್ಯನ ಒಬ್ಬಳೇ ಮಗಳು. ಪಿಯುಸಿಗೆ ಓದು ನಿಂತಿತು, ಟೈಪಿಂಗ್ ಕಲಿತಳು. ಮದುವೆಯಾಗಿ ಎರಡು ವರ್ಷ ಅತ್ತೆ ಮನೆಯವರ ಕೊಂಕು ಸಹಿಸಿದಳು. ಮೂರನೇ ವರ್ಷ "ನಿಮ್ಮ ಸಂಸಾರ ನೀವೇ ಇಟ್ಕೊಳ್ಳಿ" ಎಂದು ಒಂದು ಬ್ಯಾಗು ಹಿಡಿದು ತವರಿಗೆ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಬಂದ ವರ್ಷವೇ ಕಿವಿಯೋಲೆ ಮಾರಿ ಲ್ಯಾಪ್‌ಟಾಪ್ ಕೊಂಡಳು. ಶಿವಶಂಕರಪ್ಪನವರ ಪದ್ಧತಿಯೇ ಹಾಗೆ: ಮೇಜು, ಕುರ್ಚಿ, ಕರೆಂಟು ಅವರದು, ಯಂತ್ರವನ್ನು ಟೈಪ್ ಮಾಡುವವರೇ ತರಬೇಕು.

ಆ ಲ್ಯಾಪ್‌ಟಾಪ್ ಈಗ ಹಣ್ಣಾಗಿತ್ತು. ಬೆಳಿಗ್ಗೆ ಅದನ್ನು ಆನ್ ಮಾಡಿ, ಕಸ ಗುಡಿಸಿ, ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಕೈ ಇಟ್ಟರೆ ಕಾದ ಹೆಂಚು. ಒಂದು ಶನಿವಾರ ಹುಲಿಗೆಮ್ಮ ಎಂಬ ಮುದುಕಿ ತನ್ನ ಮನೆಯನ್ನು ಮಗಳ ಹೆಸರಿಗೆ ಮಾಡಿಕೊಡಲು ದಾನಪತ್ರ ಬರೆಸುತ್ತಿದ್ದಳು. ಮೂರನೇ ಪುಟಕ್ಕೆ ಬಂದಾಗ ಲ್ಯಾಪ್‌ಟಾಪ್ ಪಟ್ಟನೆ ಆರಿಹೋಯಿತು. ಮತ್ತೆ ಹಚ್ಚಿದರೆ ಮತ್ತೆ ಆರಿತು.

"ಸಾಕಮ್ಮ ಈ ನಾಟ್ಕ" ಎಂದರು ಶಿವಶಂಕರಪ್ಪ, ಕೂತಿದ್ದ ಆರು ಜನರ ಮುಂದೆ. "ಸೋಮವಾರ ಹೊತ್ತಿಗೆ ಸರಿಯಾಗಿ ಓಡೋ ಮಿಷನ್ ಇಟ್ಕೊಂಡು ಬಾ. ಇಲ್ಲಾಂದ್ರೆ ಕುರ್ಚಿ ಬಿಡು. ನಮ್ ತಂಗಿ ಮಗಳು ಭೂಮಿಕಾ ಹತ್ರ ಹೊಸ ಲ್ಯಾಪ್‌ಟಾಪ್ ಇದೆ, ಅವಳು ಕೂರ್ತಾಳೆ."

ಹೊಸದು ಕೊಳ್ಳುವ ತಾಕತ್ತು ಅವಳಿಗಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆಡಿದ ಮಾತು ಅದು. ಸಂಘಮಿತ್ರಾಳಿಗೆ ಮೈ ಉರಿದುಹೋಯಿತು. ಅಳು ಬಂದಿದ್ದರೂ ಅಳುತ್ತಿರಲಿಲ್ಲ, ಬರಲೇ ಇಲ್ಲ. "ನಾಳಿದ್ದು ಬನ್ನಿ ಅಜ್ಜಿ, ನಾನೇ ಮುಗ್ಸಿ ಕೊಡ್ತೀನಿ" ಎಂದು ಹುಲಿಗೆಮ್ಮನಿಗೆ ಹೇಳಿ, ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದಳು.

ಗಾಂಧಿ ಬಜಾರಿನ ನೂಕುನುಗ್ಗಲು ದಾಟಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿದ್ದ ಕಂಪ್ಯೂಟರ್ ಅಂಗಡಿಗೆ ಹೋದಳು. ಅಂಗಡಿಯ ರೂಪೇಶ್ ಲ್ಯಾಪ್‌ಟಾಪನ್ನು ತಿರುಗಿಸಿ ನೋಡಿ, ಎರಡೇ ಬೆರಳಲ್ಲಿ ಅವಳತ್ತ ತಳ್ಳಿದ.

"ಮೇಡಂ, ಇದನ್ನ ಗುಜರಿಗೆ ಹಾಕಿ. ಇಎಂಐ ಮಾಡ್ಕೊಡ್ತೀನಿ, ಹೊಸದು ತಗೊಳ್ಳಿ."

"ನಿಮ್ ಹತ್ರ ನಾನು ಬಂದಿದ್ದು ಪಾರ್ಟು ಕೇಳೋಕೆ, ಬುದ್ಧಿ ಕೇಳೋಕಲ್ಲ" ಎಂದಳು ಸಂಘಮಿತ್ರಾ. ಬಸ್ಸಿನಲ್ಲಿ ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ ಮುಗಿಸಿದ್ದಳು. "ಇದ್ರಲ್ಲಿರೋ ಹಾರ್ಡ್ ಡಿಸ್ಕ್ ತೆಗ್ದು ಎಸ್‌ಎಸ್‌ಡಿ ಹಾಕ್ಬಹುದೋ ಇಲ್ವೋ? ನಾಲ್ಕು ಜಿಬಿ ರ‍್ಯಾಮ್ ಇದೆ, ಎಂಟು ಮಾಡ್ಬಹುದೋ ಇಲ್ವೋ? ಅಷ್ಟು ಹೇಳಿ."

"ಹಾಕ್ಬಹುದು. ಆದ್ರೆ ಇಷ್ಟು ಹಳೇ ಡಬ್ಬಕ್ಕೆ ನಾನು ಕೈ ಹಾಕಲ್ಲ. ಬಿಚ್ಚಿದ್ಮೇಲೆ ಏನಾದ್ರೂ ಆದ್ರೆ ನನ್ ತಲೆಗೆ ಬರುತ್ತೆ."

"ನೀವು ಬಿಚ್ಬೇಡಿ. ಪಾರ್ಟು ಕೊಡಿ, ನಾನೇ ಬಿಚ್ತೀನಿ."

ರೂಪೇಶ್ ನಕ್ಕ. "ನೀವಾ?"

"ಯಾಕೆ, ಸ್ಕ್ರೂಗೆ ಹೆಂಗಸು ಗಂಡಸು ಗೊತ್ತಾಗುತ್ತಾ?"

ಪಕ್ಕದಲ್ಲಿ ನಿಂತಿದ್ದ ಗಿರಾಕಿ ಕಿಸಕ್ಕನೆ ನಕ್ಕ. ರೂಪೇಶನ ನಗು ನಿಂತಿತು. ಲ್ಯಾಪ್‌ಟಾಪಿನ ನಂಬರು ನೋಡಿ, ಅದಕ್ಕೆ ಹೊಂದುವ ರ‍್ಯಾಮ್, ಎಸ್‌ಎಸ್‌ಡಿ, ಹೊರಗಿನಿಂದ ಡಿಸ್ಕ್ ಜೋಡಿಸುವ ಕೇಬಲ್ ಎಲ್ಲ ತೆಗೆದುಕೊಟ್ಟ. ಅವಳು ಬಿಲ್ಲು ಬರೆಸಿಯೇ ಹೊರಬಿದ್ದಳು.

ಭಾನುವಾರ ಬೆಳಿಗ್ಗೆ ನಾಗಯ್ಯ ಅಂಗಳದ ಬಿಸಿಲಿಗೆ ಚಾಪೆ ಹಾಕಿ ಕೂತ. ಮೂವತ್ತೆರಡು ವರ್ಷ ಫಿಟ್ಟರ್ ಆಗಿದ್ದ ಮನುಷ್ಯ. ಯಂತ್ರ ಹಳತಾಯಿತೆಂದು ಯಾರಾದರೂ ಅಂದರೆ ಅವನಿಗೆ ತನ್ನನ್ನೇ ಬೈದಂತೆ. ಹಳೇ ಕ್ಯಾಲೆಂಡರಿನ ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಚಿತ್ರ ಗೀಚಿದ. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಚಿತ್ರದಲ್ಲಿ ಅದದರ ಜಾಗಕ್ಕೇ ಚುಚ್ಚಿ ನಿಲ್ಲಿಸಬೇಕು. ಕಾರ್ಖಾನೆಯಲ್ಲಿ ಅವನು ಕಲಿತದ್ದು ಹಾಗೆ. "ಬಿಚ್ಚೋದು ಯಾವ ಕತ್ತೇನಾದ್ರೂ ಬಿಚ್ತಾನೆ. ಜೋಡ್ಸೋನು ಫಿಟ್ಟರ್" ಎಂದ. ಅವನ ಕೈ ಈಗ ನಡುಗುತ್ತಿತ್ತು. ಸ್ಕ್ರೂ ಡ್ರೈವರ್ ಹಿಡಿದವಳು ಸಂಘಮಿತ್ರಾ.

ಹಿಂಬದಿಯ ಮುಚ್ಚಳ ಎತ್ತಿದ ಕೂಡಲೇ ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು. ಫ್ಯಾನು ಇರಬೇಕಾದಲ್ಲಿ ಕೆಂಪು ಕೆಸರು! ಗಟ್ಟಿಯಾದ ಕುಂಕುಮ, ಅರಿಸಿನ, ನಾಲ್ಕು ಅಕ್ಷತೆ ಕಾಳು, ಒಣಗಿದ ಚೆಂಡು ಹೂವಿನ ಎಸಳು.

"ಅಪ್ಪಾ, ಏನಿದು?"

ನಾಗಯ್ಯ ತಲೆ ಕೆರೆದುಕೊಂಡ. ಹನ್ನೊಂದು ಆಯುಧಪೂಜೆಗೂ ಆ ಲ್ಯಾಪ್‌ಟಾಪಿಗೆ ಪೂಜೆ ಮಾಡಿದವನು ಅವನೇ. ಕಾರ್ಖಾನೆಯಲ್ಲಿ ಮೋಟರಿನ ಗಾಳಿಕಂಡಿಯ ಬಳಿ ಬೊಟ್ಟು ಇಡುತ್ತಿದ್ದರು. ಆ ಮೋಟರ್ ಆನೆಯಷ್ಟಿತ್ತು, ಅದಕ್ಕೇನೂ ಆಗುತ್ತಿರಲಿಲ್ಲ. ಅದೇ ಅಭ್ಯಾಸದಲ್ಲಿ ಇದಕ್ಕೂ ಗಾಳಿ ಆಡುವ ಕಂಡಿ ಹುಡುಕಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಭಕ್ತಿಯಿಂದ ಮೆತ್ತಿದ್ದ.

"ಉಸಿರಾಡೋ ಜಾಗಕ್ಕೆ ಇಡ್ಬೇಕು ಅಂತ..." ಎಂದ ಮೆಲ್ಲಗೆ.

"ಉಸಿರೇ ಕಟ್ಸಿದ್ಯಲ್ಲಪ್ಪ ಮಾರಾಯ!" ಎಂದು ಸಂಘಮಿತ್ರಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಿಂದಿನ ದಿನದಿಂದ ಎದೆಯಲ್ಲಿ ಕೂತಿದ್ದ ಭಾರ ಆ ನಗುವಿನಲ್ಲಿ ಅರ್ಧ ಇಳಿಯಿತು. ನಾಗಯ್ಯನೂ ನಕ್ಕ, ಆದರೆ ಕಣ್ಣು ಒದ್ದೆಯಾಗಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅವನೇ ಕೂತು ಫ್ಯಾನಿನ ಒಂದೊಂದು ರೆಕ್ಕೆಯನ್ನೂ ಉಜ್ಜಿದ.

ಆಮೇಲೆ ರ‍್ಯಾಮ್. ಕೂರಿಸಿ ಆನ್ ಮಾಡಿದರೆ ಪರದೆ ಕಪ್ಪಗೇ ಇತ್ತು. ಸಂಘಮಿತ್ರಾ ಮತ್ತೆ ಮತ್ತೆ ಬಟನ್ ಒತ್ತಿದಳು. ಹೋಯಿತು, ಕುರ್ಚಿಯೂ ಹೋಯಿತು, ಇದೂ ಹೋಯಿತು, ಆ ರೂಪೇಶ ಗೆದ್ದ. ನಾಗಯ್ಯ ಮಾತ್ರ ಬಗ್ಗಿ ನೋಡಿ, "ಪೂರ್ತಿ ಕೂತಿಲ್ಲ ಅದು. ಹೆದ್ರಿಕೊಂಡು ಒತ್ತಿದ್ರೆ ಕೂರುತ್ತಾ? ತೆಗ್ದು ಇನ್ನೊಂದ್ಸಲ ಹಾಕು" ಎಂದ. ಅವಳು ಹಲ್ಲು ಕಚ್ಚಿ ಒತ್ತಿದಳು. ಕಟಕ್ ಎಂದಿತು. ಪರದೆ ಬೆಳಗಿತು. ಹಳೇ ಡಿಸ್ಕಿನ ಸರಕೆಲ್ಲ ಕೇಬಲ್ಲಿನಲ್ಲಿ ಹೊಸದಕ್ಕೆ ಇಳಿಯಲು ಸಂಜೆಯಾಯಿತು. ಡಿಸ್ಕ್ ಬದಲಿಸಿ, ರಟ್ಟಿನಿಂದ ಸ್ಕ್ರೂಗಳನ್ನು ಕಿತ್ತು ಅವುಗಳ ಜಾಗಕ್ಕೆ ಬಿಗಿದು, ಕೊನೆಗೊಮ್ಮೆ ಬಟನ್ ಒತ್ತಿದಳು. ನಾಗಯ್ಯ ಒಂದರಿಂದ ಎಣಿಸತೊಡಗಿದ. ಹದಿನಾಲ್ಕಕ್ಕೆ ಲ್ಯಾಪ್‌ಟಾಪ್ ಕೆಲಸಕ್ಕೆ ಸಿದ್ಧವಾಗಿ ಕೂತಿತ್ತು.

ಸೋಮವಾರ ಅವಳು ಕೋಣೆಗೆ ಕಾಲಿಟ್ಟಾಗ ಭೂಮಿಕಾ ಆಗಲೇ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದಳು. ಅವಳೆದುರು ಫಳಫಳ ಹೊಳೆಯುವ ಹೊಸ ಲ್ಯಾಪ್‌ಟಾಪ್. ಗೋಡೆಗೆ ಒರಗಿ ಹುಲಿಗೆಮ್ಮ ಕೂತಿದ್ದಳು, ಜೊತೆಗೆ ಇನ್ನೂ ನಾಲ್ಕೈದು ಜನ.

"ಭೂಮಿಕಾ, ಏಳಮ್ಮ" ಎಂದಳು ಸಂಘಮಿತ್ರಾ. ದನಿ ಜೋರಾಗಿರಲಿಲ್ಲ. ಹುಡುಗಿ ಮಾವನ ಮುಖ ನೋಡುತ್ತ ಎದ್ದು ನಿಂತಳು. ಸಂಘಮಿತ್ರಾ ಕೂತಳು, ಲ್ಯಾಪ್‌ಟಾಪ್ ತೆರೆದಳು, ಅಜ್ಜಿಯನ್ನು ಹತ್ತಿರ ಕರೆದಳು. ಶಿವಶಂಕರಪ್ಪ ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಶನಿವಾರ ನಿಂತಿದ್ದ ಮೂರನೇ ಪುಟ ಪರದೆಯ ಮೇಲಿತ್ತು. ಒಂದು ಗಂಟೆಯೊಳಗೆ ದಾನಪತ್ರ ಮುಗಿದು, ಪ್ರಿಂಟಾಗಿ, ಅವರ ಮೇಜಿನ ಮೇಲೆ ಸಹಿಗೆ ಬಂದು ಕೂತಿತು.

"ರಿಪೇರಿ ಮಾಡ್ಸಿದ್ಯಾ? ಒಳ್ಳೇದು" ಎಂದರು ಶಿವಶಂಕರಪ್ಪ, ಪೆನ್ನಿನ ಕ್ಯಾಪು ತಿರುವುತ್ತ. "ಆದ್ರೂ ಇವಳಿಗೆ ಹೇಳಿಬಿಟ್ಟಿದ್ದೀನಲ್ಲಮ್ಮ. ನೀನು ಒಂದು ತಿಂಗಳು ಪಕ್ಕದಲ್ಲಿ ನಿಂತು ಕೆಲ್ಸ ಕಲ್ಸು. ಆಮೇಲೆ ನೋಡೋಣ."

ಸಂಘಮಿತ್ರಾಳಿಗೆ ಈಗ ಅರ್ಥವಾಯಿತು. ಲ್ಯಾಪ್‌ಟಾಪಿನದು ಬರೀ ನೆಪ!

"ಸರ್, ಶನಿವಾರ ಎಲ್ಲರ ಎದುರಿಗೆ ಮಿಷನ್ ಸರಿಯಿಲ್ಲ ಅಂದ್ರಿ. ಸರಿ ಮಾಡ್ಕೊಂಡು ಬಂದಿದ್ದೀನಿ. ಬೇರೆ ಕಾರಣ ಇದ್ರೆ ಅದನ್ನೂ ಇವ್ರ ಎದುರಿಗೇ ಹೇಳ್ಬಿಡಿ. ಹನ್ನೊಂದು ವರ್ಷದಲ್ಲಿ ನನ್ನ ಪತ್ರ ಒಂದಾದ್ರೂ ತಪ್ಪಾಗಿ ವಾಪಸ್ ಬಂದಿದ್ರೆ ಹೇಳಿ, ಈಗ್ಲೇ ಏಳ್ತೀನಿ. ಇಲ್ಲಾಂದ್ರೆ ಏಳಲ್ಲ."

ಶಿವಶಂಕರಪ್ಪ ಮತ್ತೆ ಪೆನ್ನಿನ ಕ್ಯಾಪು ತಿರುವತೊಡಗಿದರು. ಗೋಡೆ ಪಕ್ಕದಿಂದ ಹುಲಿಗೆಮ್ಮ, "ಸಹಿ ಹಾಕಪ್ಪ ಯಜಮಾನ, ಅವಳು ಬರೆದಾಯ್ತಲ್ಲ" ಎಂದಳು. ಅವರು ತಲೆ ತಗ್ಗಿಸಿ ಸಹಿ ಹಾಕಿದರು.

ಭೂಮಿಕಾ ಹೊಸ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಂತಿದ್ದಳು. ಸಂಘಮಿತ್ರಾ ಅವಳತ್ತ ತಿರುಗಿದಳು.

"ಆ ಮೂಲೆಯಲ್ಲಿ ಸ್ಟೂಲ್ ಇದೆ ನೋಡು, ಎಳ್ಕೊಂಡು ಬಾ. ಕಲಿಸ್ತೀನಿ. ಈ ಕುರ್ಚೀಲಿ ಕೂತ್ಕೊಂಡೇ ಕಲಿಸ್ತೀನಿ."