ಕಂಪ್ಲಿಯ ಗದ್ದೆಯಲ್ಲಿ ಐಸ್ ರೇಸ್

ನನ್ನ ಭಾವ ದೋಣಿಮಲೈ ಗಣಿಯಲ್ಲಿ ಡಂಪರ್ ಓಡಿಸಿ ನಿವೃತ್ತರಾದವರು. ಒಂದು ದಿನ ಕಂಪ್ಲಿಯ ಅವರ ಮನೆಯಲ್ಲಿ ಮೊಬೈಲಿನಲ್ಲಿ ಐಸ್ ರೇಸ್ ನೋಡುತ್ತ ಕೂತಿದ್ದೆವು. ಹೆಪ್ಪುಗಟ್ಟಿದ ಕೆರೆಯ ಮೇಲೆ, ಮೊಳೆ ಬಡಿದ ಟೈರಿನ ಬೈಕುಗಳು ನೆಲಕ್ಕೆ ತಾಗುವಷ್ಟು ಬಾಗಿ ತಿರುಗುತ್ತಿದ್ದವು. ಈಚೆಗೆ ಚಳಿ ಕಡಿಮೆಯಾಗಿ ಕೆರೆಗಳು ಸರಿಯಾಗಿ ಹೆಪ್ಪುಗಟ್ಟುತ್ತಿಲ್ಲ, ರೇಸುಗಳು ರದ್ದಾಗುತ್ತಿವೆ ಎಂದು ನಾನು ಓದಿ ಹೇಳಿದೆ.

“ಪಾಪ, ಅವರಿಗೆ ನಮ್ಮ ಕೆಸರು ಗೊತ್ತಿಲ್ಲ ನೋಡು. ಇನ್ನ ಮ್ಯಾಲ ಈ ಆಟ ಕಂಪ್ಲ್ಯಾಗ ಆಡಬೇಕು,” ಎಂದರು ಭಾವ.

ಮರುದಿನ ಬೆಳಿಗ್ಗೆ ನನ್ನ ಹಳೇ ಬೈಕಿನ ಹಿಂದಿನ ಟೈರಿಗೆ ಸ್ಕ್ರೂ ಬಿಗಿದು, ನಾಟಿಗೆ ಹದ ಮಾಡಿಟ್ಟಿದ್ದ ಗದ್ದೆಗೆ ಇಳಿಸಿದರು. ಒಂದು ಸುತ್ತು ಮಸ್ತಾಗಿ ಹೊಡೆದರು. ಎರಡನೆಯದರಲ್ಲಿ ವಿಡಿಯೊದವರಂತೆ ಬಾಗಲು ಹೋಗಿ ಕೆಸರಲ್ಲಿ ಮಲಗಿದರು. ನಾನು ಹೊಟ್ಟೆ ಹಿಡಿದು ನಕ್ಕೆ.

ಬದುವಿನ ಮೇಲೆ ಸಸಿಯ ಕಟ್ಟು ಹಿಡಿದು ನಿಂತಿದ್ದ ಅಕ್ಕ ನಗಲಿಲ್ಲ. “ಹೆಂಗೂ ಇಳಿದೀರಿ, ನಾಟಿ ಮುಗಿಸೇ ಬರ್ರಿ,” ಎಂದು ಗಂಡನಿಗೆ ಹೇಳಿ, ನನ್ನ ಕಡೆ ತಿರುಗಿದಳು. “ನೀನ್ಯಾಕ ನಿಂತೀಲೇ? ಇಳಿ.”

ಮಧ್ಯಾಹ್ನ ಸೊಂಟ ನೀವಿಕೊಳ್ಳುತ್ತ, ಬೈಕ್ ತಳ್ಳಿಕೊಂಡು ಪಂಚರ್ ಅಂಗಡಿಗೆ ಹೋದೆವು. ಟೈರು ನೋಡಿದ ಅಂಗಡಿಯವನು ಗಾಬರಿಯಾಗಿ, “ಯಾರ್ರೀ ನಿಮ್ಮ ಮ್ಯಾಲ ಇಷ್ಟು ಹಗೆ ಸಾಧಿಸ್ಯಾರ?” ಎಂದ.

ಭಾವ ನನ್ನ ಕಡೆ ಬೆರಳು ತೋರಿಸಿದರು.